ಅಧ್ಯಕ್ಷ ಪೋಲ್ಕ್‌ನ ದಿನಚರಿಯೊಂದಿಗೆ ಕಳೆದ ಆರು ತಿಂಗಳು

ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರಕ್ಕೆ ಹೋದದ್ದು ಅಕ್ಟೋಬರ್ ತಿಂಗಳಲ್ಲಿ. ಬಾಣಂತಿಯ ಪಥ್ಯ, ಮಗುವಿನ ಎಣ್ಣೆ ನೀರು, ರಾತ್ರಿಯ ನಿದ್ದೆಗೇಡು ಎಲ್ಲವನ್ನೂ ಅವಳೇ ವಹಿಸಿಕೊಂಡಿದ್ದರಿಂದ ನನ್ನ ಪಾಲಿಗೆ ಉಳಿದದ್ದು ದೀರ್ಘವಾದ ಹಗಲುಗಳು. ಬೆಂಗಳೂರಿನ ಸಚಿವಾಲಯದಲ್ಲಿ 31 ವರ್ಷ ಕಡತಗಳ ನಡುವೆ ದುಡಿದು ಶಾಖಾಧಿಕಾರಿಯಾಗಿ ನಿವೃತ್ತನಾದವನಿಗೆ ಏನನ್ನೂ ಓದದೆ, ಏನನ್ನೂ ಬರೆಯದೆ ದಿನ ಕಳೆಯುವುದು ಕಷ್ಟ. ಆ ಕಷ್ಟವನ್ನು ಕಂಡ ಅಳಿಯ ಒಂದು ಭಾನುವಾರ ನನ್ನನ್ನು ರಾಜ್ಯದ ಶಾಸನಭವನವಿರುವ ದಿಬ್ಬಕ್ಕೆ ಕರೆದೊಯ್ದ. ಅಲ್ಲಿ ಹುಲ್ಲುಹಾಸಿನ ಒಂದು ಬದಿಯಲ್ಲಿ, ಕಂಬಗಳ ಮೇಲೆ ಚಪ್ಪಡಿ ಹೊದಿಸಿದ ಚಿಕ್ಕ ಮಂಟಪವೊಂದಿತ್ತು. ಅದು ಅಮೆರಿಕದ ಹನ್ನೊಂದನೆಯ ಅಧ್ಯಕ್ಷ ಜೇಮ್ಸ್ ನಾಕ್ಸ್ ಪೋಲ್ಕ್ ಮತ್ತು ಅವನ ಪತ್ನಿ ಸಾರಾ ಅವರ ಸಮಾಧಿ. "ಮಾವ, ಹತ್ತು ವರ್ಷದಿಂದ ಈ ಊರಲ್ಲಿದ್ದೇನೆ, ಇವರು ಏನು ಮಾಡಿದರು ಅಂತ ನನಗೆ ಗೊತ್ತಿಲ್ಲ" ಎಂದ ಅಳಿಯ. ನನಗೂ ಗೊತ್ತಿರಲಿಲ್ಲ. ಅರ್ಧ ಗಂಟೆ ಅಲ್ಲಿದ್ದರೂ ಆ ಸಮಾಧಿಯ ಬಳಿಗೆ ಬೇರೆ ಯಾರೂ ಬರಲಿಲ್ಲ.

ಮನೆಗೆ ಬಂದು ಹುಡುಕಿದಾಗ ತಿಳಿದ ಸಂಗತಿಗಳು ನನ್ನನ್ನು ಅಚ್ಚರಿಗೊಳಿಸಿದವು. 1845ರ ಮಾರ್ಚ್ 4ರಂದು, 49ನೆಯ ವಯಸ್ಸಿನಲ್ಲಿ ಅಧಿಕಾರ ವಹಿಸಿಕೊಂಡ ಪೋಲ್ಕ್, ಅಲ್ಲಿಯವರೆಗಿನ ಅಧ್ಯಕ್ಷರಲ್ಲಿ ಅತ್ಯಂತ ಕಿರಿಯ. ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದು ಮುಂದೆ ಅಧ್ಯಕ್ಷನಾದವನು ಇಂದಿಗೂ ಅವನೊಬ್ಬನೇ. ಟೆನೆಸಿಯ ಗವರ್ನರ್ ಹುದ್ದೆಗೆ ನಡೆದ ಚುನಾವಣೆಯಲ್ಲಿ ಎರಡು ಸಲ ಸೋತಿದ್ದವನನ್ನು 1844ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ್ದ ಡೆಮಾಕ್ರಟಿಕ್ ಪಕ್ಷದ ಸಮಾವೇಶ ಒಂಬತ್ತನೆಯ ಸುತ್ತಿನ ಮತದಾನದಲ್ಲಿ ಅಭ್ಯರ್ಥಿಯನ್ನಾಗಿ ಆರಿಸಿತು. ಅವನು ಹೆನ್ರಿ ಕ್ಲೇಯಂಥ ಪ್ರಸಿದ್ಧ ನಾಯಕನನ್ನು ಸೋಲಿಸಿದ. ಒಂದೇ ಅವಧಿ ಸಾಕೆಂದು ಮೊದಲೇ ಹೇಳಿ, ಹೇಳಿದಂತೆಯೇ ನಡೆದುಕೊಂಡ. ಆ ನಾಲ್ಕು ವರ್ಷಗಳಲ್ಲಿ ಆಮದು ಸುಂಕ ಇಳಿಯಿತು, ಸರ್ಕಾರದ ಹಣ ಖಾಸಗಿ ಬ್ಯಾಂಕುಗಳಿಂದ ಬೇರೆಯಾದ ಖಜಾನೆಗೆ ಬಂತು, ಅಮೆರಿಕವೂ ಬ್ರಿಟನ್ನೂ ತಮ್ಮದೆನ್ನುತ್ತಿದ್ದ ವಾಯವ್ಯದ ಆರೆಗಾನ್ ಪ್ರದೇಶದ ವಿವಾದ ಇತ್ಯರ್ಥವಾಯಿತು, ಮೆಕ್ಸಿಕೋದೊಡನೆ ಯುದ್ಧ ನಡೆದು ಕ್ಯಾಲಿಫೋರ್ನಿಯಾ ಅಮೆರಿಕದ ವಶವಾಯಿತು. ಇಷ್ಟನ್ನು ಮಾಡಿದವನು ಅಧಿಕಾರದಲ್ಲಿದ್ದಾಗಲೇ ತನ್ನ ಕೈಬರಹದಲ್ಲಿ ದಿನಚರಿಯನ್ನೂ ಬರೆದಿಟ್ಟಿದ್ದಾನೆ. ಶಿಕಾಗೋ ಐತಿಹಾಸಿಕ ಸಂಘದ ವತಿಯಿಂದ 1910ರಲ್ಲಿ ಅದು ನಾಲ್ಕು ದಪ್ಪ ಸಂಪುಟಗಳಾಗಿ ಅಚ್ಚಾಯಿತು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅವುಗಳ ಪುಟಚಿತ್ರಗಳನ್ನು ಯಾರು ಬೇಕಾದರೂ ಓದಬಹುದು. ಊರಿಗೆ ಮರಳುವ ಹೊತ್ತಿಗೆ ಅದನ್ನು ಪೂರ್ತಿ ಓದಿ, ಮನಸ್ಸಿಗೆ ಹಿಡಿದ ದಿನಗಳನ್ನು ಕನ್ನಡದಲ್ಲಿ ಬರೆದುಕೊಳ್ಳಬೇಕೆಂದು ನಿಶ್ಚಯಿಸಿ, ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತರಿಸಿಕೊಂಡೆ.

ದಿನಚರಿಯ ಮೊದಲ ದಿನಾಂಕ 1845ರ ಆಗಸ್ಟ್ 26. ಅಂದು ಸಂಪುಟ ಸಭೆಯಲ್ಲಿ ಆರೆಗಾನ್ ಪ್ರಶ್ನೆಯ ಮೇಲೆ ಅಧ್ಯಕ್ಷನಿಗೂ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬ್ಯೂಕ್ಯಾನನ್‌ಗೂ ಮಾತು ಬೆಳೆಯಿತು. 49ನೆಯ ಅಕ್ಷಾಂಶವೇ ಗಡಿಯಾಗಲೆಂಬ ಅಮೆರಿಕದ ಸಲಹೆಯನ್ನು ಬ್ರಿಟಿಷ್ ರಾಯಭಾರಿ ತನ್ನ ಸರ್ಕಾರವನ್ನೂ ಕೇಳದೆ ತಿರಸ್ಕರಿಸಿದ್ದ. ಆ ಸಲಹೆಯನ್ನು ಹಿಂದಕ್ಕೆ ಪಡೆಯಬೇಕೆಂದು ಪೋಲ್ಕ್ ಹೇಳಿದರೆ, ಸ್ವಲ್ಪ ತಡೆಯೋಣವೆಂದು ಬ್ಯೂಕ್ಯಾನನ್ ಹೇಳಿದ. ಯಾರು ಏನೆಂದರು, ಯಾವ ಕ್ರಮದಲ್ಲಿ ಎಂದರು, ತಾನು ಏನು ಉತ್ತರ ಕೊಟ್ಟೆ ಎಂಬುದನ್ನೆಲ್ಲ ಪೋಲ್ಕ್ ಬರೆದಿಟ್ಟ. ಸರಿಯಾಗಿ ಒಂದು ವರ್ಷದ ಬಳಿಕ, ದಿನಚರಿ ಇಡುವ ಯೋಚನೆ ತನಗೆ ಹುಟ್ಟಿದ್ದೇ ಆ ದಿನದ ಮಾತುಕತೆಯಿಂದ ಎಂದೂ ಬರೆದಿದ್ದಾನೆ. ಅದನ್ನು ಓದಿದ ಕೂಡಲೇ ಈ ಮನುಷ್ಯನ ಉದ್ದೇಶ ನನಗೆ ತಿಳಿಯಿತು. ನಾನು ಕೆಲಸ ಮಾಡಿದ ಒಂದು ಇಲಾಖೆಯಲ್ಲಿ ಮೇಲಿನವರು ಮುಖ್ಯವಾದ ಆದೇಶಗಳನ್ನು ಬಾಯಿಮಾತಿನಲ್ಲೇ ಕೊಟ್ಟು, ತೊಂದರೆ ಬಂದಾಗ ತಾವು ಹಾಗೆ ಹೇಳಿಯೇ ಇಲ್ಲವೆನ್ನುತ್ತಿದ್ದ ಕಾಲವೊಂದಿತ್ತು. ಆಗ ನಾನೂ ಜೇಬಿನಲ್ಲಿ ಚಿಕ್ಕ ಪುಸ್ತಕವಿಟ್ಟುಕೊಂಡು, ಯಾವ ಕಡತದ ಬಗ್ಗೆ ಯಾರು ಎಷ್ಟು ಹೊತ್ತಿಗೆ ಏನು ಹೇಳಿದರೆಂದು ಪ್ರತಿ ಸಂಜೆ ಬರೆಯತೊಡಗಿದೆ. ಪೋಲ್ಕ್ ಆತ್ಮಕಥೆ ಬರೆಯಲು ಕೂತವನಲ್ಲ. ನಾಳೆ ಯಾರೂ ಮಾತು ತಿರುಗಿಸಬಾರದೆಂದು ದಾಖಲೆ ಮಾಡಿಡಲು ಕೂತವನು. ಈ ಒಂದು ಗುಣದಿಂದಾಗಿಯೇ ಅವನ ದಿನಚರಿಗೆ ಅಧ್ಯಕ್ಷರು ನಿವೃತ್ತರಾದ ಮೇಲೆ ಬರೆಯುವ ನೆನಪುಗಳಿಗಿಲ್ಲದ ಬೆಲೆಯಿದೆ ಎಂದು ನಾನು ಭಾವಿಸುತ್ತೇನೆ. ನೆನಪುಗಳಲ್ಲಿ ಪರಿಣಾಮ ಗೊತ್ತಿರುತ್ತದೆ, ಇಲ್ಲಿ ಮಾರನೆಯ ದಿನ ಏನಾಗುವುದೆಂಬುದು ಬರೆಯುವವನಿಗೆ ತಿಳಿದಿಲ್ಲ.

ಮೊದಲ ವಾರದಲ್ಲೇ ನವೆಂಬರ್ 2ರ ಬರಹ ಸಿಕ್ಕಿತು. 1845ರಲ್ಲಿ ಆ ದಿನ ಭಾನುವಾರ, ಅವನಿಗೆ 50 ತುಂಬಿದ ದಿನ. ಚರ್ಚಿನಲ್ಲಿ ಕೇಳಿದ ಉಪದೇಶದಿಂದ ಅವನ ಮನಸ್ಸು ಕಲಕಿತು. ಇನ್ನು 50 ವರ್ಷ ಕಳೆಯುವುದರೊಳಗೆ ತಾನೂ ಹಿಂದಿನ ತಲೆಮಾರಿನವರ ಜೊತೆ ಮಲಗಿರುತ್ತೇನೆ, ಈ ಲೋಕದ ಮನ್ನಣೆಗಳಿಂದ ಆಗ ಏನೂ ಪ್ರಯೋಜನವಾಗದು, ಮನೆಯನ್ನು ಓರಣ ಮಾಡಿಕೊಳ್ಳುವ ಹೊತ್ತು ಬಂದಿದೆ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಅವನಿಗೆ 50 ವರ್ಷವಿರಲಿ, ನಾಲ್ಕು ವರ್ಷವೂ ಉಳಿದಿರಲಿಲ್ಲ ಎಂಬುದು ಗೊತ್ತಿದ್ದ ನಾನು ಆ ದಿನ ಮುಂದೆ ಓದಲಾರದೆ ಪುಸ್ತಕ ಮುಚ್ಚಿದೆ.

ಮುಂದಿನ ತಿಂಗಳುಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಯುದ್ಧವಲ್ಲ, ಅಧ್ಯಕ್ಷನ ಬಾಗಿಲಲ್ಲಿ ನಿಂತ ಜನ. ಪೋಲ್ಕ್‌ನ ಕಾಲದಲ್ಲಿ ಶ್ವೇತಭವನದ ಬಾಗಿಲಿಗೆ ಇಂದಿನ ಕಾವಲು ಇರಲಿಲ್ಲ. ಯಾರು ಬೇಕಾದರೂ ಮೆಟ್ಟಿಲು ಹತ್ತಿ ಬಂದು ಅಧ್ಯಕ್ಷನ ಕೋಣೆಯಲ್ಲಿ ನಿಲ್ಲಬಹುದಾಗಿತ್ತು. ಅಂಚೆ ಕಚೇರಿ, ಸುಂಕದ ಕಟ್ಟೆ, ಭೂಮಾಪನ, ಸೈನ್ಯದ ಸರಬರಾಜು, ಹೊರದೇಶದ ದೂತಾವಾಸ ಎಲ್ಲ ಕಡೆಯ ನೇಮಕಾತಿಗೂ ಪಕ್ಷದ ಋಣವೇ ಆಧಾರವಾಗಿದ್ದ ಕಾಲ ಅದು. ಸಂಪುಟ ಸಭೆಯಿರುವ ಮಂಗಳವಾರ, ಶನಿವಾರಗಳನ್ನು ಬಿಟ್ಟರೆ ಅವನ ಬೆಳಗುಗಳು ಇಂಥವರ ಮಾತು ಕೇಳುವುದರಲ್ಲೇ ಕಳೆಯುತ್ತಿದ್ದವು. ಕೆಲಸ ಬೇಕೆಂದು ಬಂದವನೊಬ್ಬನನ್ನು ಯಾವ ಕೆಲಸ ಎಂದು ಕೇಳಿದರೆ, ಒಪ್ಪಂದಗಳನ್ನು ಮಾಡುವುದರಲ್ಲಿ ತನ್ನ ಕೈ ಚೆನ್ನಾಗಿರಬಹುದು, ಕೆಲವು ಒಪ್ಪಂದಗಳು ಆಗಲಿವೆಯೆಂದು ಕೇಳಿದ್ದೇನೆ, ಆದ್ದರಿಂದ ರಾಯಭಾರಿಯಾಗಿ ಕಳಿಸಿ ಎಂದನಂತೆ. ಮತ್ತೆ ಕೆಲವರು ಕೆಲಸವನ್ನೂ ಕೇಳದೆ ನೇರವಾಗಿ ಹಣವನ್ನೇ ಬೇಡಿದರು. ಪೋಲ್ಕ್‌ಗೆ ಅತ್ಯಂತ ಅಸಹ್ಯವಾದದ್ದು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ನಡತೆ. ಎದುರಿಗೆ ಒಬ್ಬ ಅನರ್ಹನಿಗಾಗಿ ಶಿಫಾರಸು ಪತ್ರ ಬರೆದುಕೊಟ್ಟು, ಆ ನೇಮಕ ಟೀಕೆಗೆ ಗುರಿಯಾದಾಗ ತಮಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುವವರನ್ನೂ, ಬೇರೆಯವರ ಪರವಾಗಿ ಬಂದಂತೆ ತೋರಿಸಿಕೊಂಡು ಕೊನೆಗೆ ತಮಗೇ ಹುದ್ದೆ ಕೇಳುವವರನ್ನೂ ಅವನು ಮತ್ತೆ ಮತ್ತೆ ಎದುರಿಸಿದ.

ಈ ಪುಟಗಳನ್ನು ಕನ್ನಡಕ್ಕೆ ತರುವಾಗ ಪದಗಳಿಗಾಗಿ ಹುಡುಕಬೇಕಾಗಲಿಲ್ಲ. ಮೊದಲಿಗೆ ನಿಘಂಟು ನೋಡಿ 'ಉದ್ಯೋಗಾಕಾಂಕ್ಷಿ' ಎಂದು ಬರೆದಿದ್ದೆ. ಆದರೆ ಅದು ಪರೀಕ್ಷೆ ಬರೆದು ಕಾಯುತ್ತಿರುವ ಬಡ ಹುಡುಗನಿಗೆ ಒಪ್ಪುವ, ಮರ್ಯಾದೆಯುಳ್ಳ ಪದ. ಇವರು ವಶೀಲಿ ಹಿಡಿದು ಬಂದವರು, ಆದ್ದರಿಂದ 'ವಶೀಲಿಯವರು' ಎಂದೇ ಬರೆದೆ. ಆ ಪದ ಬಿದ್ದ ಮೇಲೆ ವಾಕ್ಯಗಳೆಲ್ಲ ತಾವಾಗಿಯೇ ಕೂತವು. ಮುಖ್ಯ ಅಧಿಕಾರಿಯೊಬ್ಬರ ಕೋಣೆಯ ಹೊರಗೆ ಬೆಳಿಗ್ಗೆ ಹತ್ತರಿಂದ ಚೀಟಿ ಹಿಡಿದು ನಿಂತ ಸಾಲನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಆ ಸಾಲು ಕರಗುವ ಹೊತ್ತಿಗೆ ಮಧ್ಯಾಹ್ನವಾಗಿ, ನಿಜವಾಗಿ ತೀರ್ಮಾನವಾಗಬೇಕಾದ ಕಡತಗಳು ರಾತ್ರಿ ಅವರ ಮನೆಗೆ ಹೋಗುತ್ತಿದ್ದವು. ಪೋಲ್ಕ್‌ನ ಆಡಳಿತದಲ್ಲೂ ನಡೆದದ್ದು ಇದೇ. ದೇಶ ಯುದ್ಧದಲ್ಲಿದ್ದಾಗಲೂ ದೇಶದ ಮುಖ್ಯಸ್ಥನ ಹಗಲು ಯಾವುದೋ ಊರಿನ ಅಂಚೆಯವನ ನೇಮಕಕ್ಕೆ ಸೋರಿಹೋಗುತ್ತಿತ್ತು. ಅಧಿಕಾರ ಮುಗಿದ ಮೇಲೆ ದೇವರು ಆರೋಗ್ಯ ಕೊಟ್ಟರೆ ಈ ಸ್ವಾರ್ಥಿಗಳ ಕಥೆಯನ್ನು ಬಯಲು ಮಾಡುತ್ತೇನೆಂಬ ಮಾತೂ ದಿನಚರಿಯಲ್ಲಿದೆ. ಅದಕ್ಕೆ ಅವನಿಗೆ ಕಾಲ ಸಿಗಲಿಲ್ಲ.

ಡಿಸೆಂಬರ್ ಕೊನೆಗೆ ನಾನು 1846ರ ಮೇ ತಿಂಗಳಿಗೆ ಬಂದೆ. ಮೇ 9ರ ಶನಿವಾರದಿಂದ ಮೇ 13ರ ಬುಧವಾರದವರೆಗಿನ ಐದು ದಿನಗಳ ಬರಹವನ್ನು ಒಂದು ಸಾಲೂ ಬಿಡದೆ ಕನ್ನಡಿಸಿದ್ದೇನೆ, ಏಕೆಂದರೆ ಒಂದು ಸರ್ಕಾರ ಯುದ್ಧಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ಬೇರೆಲ್ಲೂ ನಾನು ಓದಿಲ್ಲ. ಅಮೆರಿಕ ಸೇರಿಕೊಂಡಿದ್ದ ಟೆಕ್ಸಾಸ್‌ನ ಗಡಿ ನ್ಯೂಸೆಸ್ ನದಿಯೆಂದು ಮೆಕ್ಸಿಕೋ, ಅದಕ್ಕಿಂತ ದಕ್ಷಿಣದ ರಿಯೋ ಗ್ರಾಂಡೆ ಎಂದು ಪೋಲ್ಕ್. ಅವನ ಆದೇಶದಂತೆ ಜನರಲ್ ಝಕಾರಿ ಟೇಲರ್ ಸೈನ್ಯದೊಡನೆ ರಿಯೋ ಗ್ರಾಂಡೆಯ ದಡದಲ್ಲಿ ಬೀಡುಬಿಟ್ಟಿದ್ದ. ಶನಿವಾರದ ಸಂಪುಟ ಸಭೆಯಲ್ಲಿ, ಯುದ್ಧಕ್ಕೆ ಸಾಕಷ್ಟು ಕಾರಣಗಳಿವೆ, ಕಾಂಗ್ರೆಸ್ಸಿಗೆ ಸಂದೇಶ ಕಳಿಸೋಣ ಎಂದು ಪೋಲ್ಕ್ ಪ್ರಸ್ತಾಪಿಸಿದ. ನೌಕಾ ಕಾರ್ಯದರ್ಶಿ ಜಾರ್ಜ್ ಬ್ಯಾನ್‌ಕ್ರಾಫ್ಟ್ ಒಬ್ಬನೇ ಒಪ್ಪಲಿಲ್ಲ. ಮೆಕ್ಸಿಕೋದವರು ಮೊದಲು ಕೈ ಮಾಡಿದ್ದರೆ ತನಗೆ ಇನ್ನಷ್ಟು ಸಮಾಧಾನವಾಗುತ್ತಿತ್ತು ಎಂದು ಬ್ಯೂಕ್ಯಾನನ್ ಹೇಳಿದ. ಸಭೆ ಮುಗಿದು ಎಲ್ಲರೂ ಹೋದ ಮೇಲೆ, ಸಂಜೆ ಸುಮಾರು ಆರಕ್ಕೆ, ಟೇಲರ್‌ನ ಪತ್ರ ಬಂತು. ನದಿಯ ಈಚೆ ದಡದಲ್ಲಿ ಅಮೆರಿಕದ ಗಸ್ತು ಪಡೆಯ ಮೇಲೆ ಮೆಕ್ಸಿಕೋದ ಸೈನ್ಯ ದಾಳಿ ಮಾಡಿತ್ತು. ಏಳೂವರೆಗೆ ಸಂಪುಟ ಮತ್ತೆ ಸೇರಿತು, ಈಗ ಯಾರ ಭಿನ್ನಾಭಿಪ್ರಾಯವೂ ಇರಲಿಲ್ಲ.

ಮಾರನೆಯ ದಿನ ಭಾನುವಾರ. ಪೋಲ್ಕ್ ದಂಪತಿಗಳು ಭಾನುವಾರದ ನೇಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವರು. ಆದರೂ ಅವನು ಚರ್ಚಿಗೆ ಹೋಗುವ ಮೊದಲೂ ಬಂದ ಮೇಲೂ ಯುದ್ಧದ ಸಂದೇಶವನ್ನು ಬರೆದ, ತಿದ್ದಿದ, ರಾತ್ರಿ ಹತ್ತೂವರೆಗೆ ಮಲಗಿದ. ದೇವರ ದಿನವನ್ನು ಹೀಗೆ ಕಳೆಯಬೇಕಾಗಿ ಬಂದದ್ದಕ್ಕೆ ವಿಷಾದವಾಯಿತೆಂದು ಆ ದಿನದ ಬರಹ ಮುಗಿಯುತ್ತದೆ. ಅದನ್ನು ಕನ್ನಡದಲ್ಲಿ ಬರೆದ ಮೇಲೆ ಬಹಳ ಹೊತ್ತು ಆ ಸಾಲನ್ನೇ ನೋಡುತ್ತ ಕುಳಿತೆ. ವಿಷಾದ ನಿಜವಾದದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಅದು ಕೆಲಸ ಮಾಡಿದ ದಿನದ ಬಗೆಗಿತ್ತೇ ಹೊರತು ಮಾಡಿದ ಕೆಲಸದ ಬಗೆಗಲ್ಲ. ಸೋಮವಾರ ಕಾಂಗ್ರೆಸ್ಸಿಗೆ ಹೋದ ಸಂದೇಶದಲ್ಲಿ ಅಮೆರಿಕದ ನೆಲದಲ್ಲೇ ಅಮೆರಿಕನ್ನರ ರಕ್ತ ಹರಿದಿದೆ ಎಂದಿತ್ತು. ಯುದ್ಧದ ತೀರ್ಮಾನ ಆ ರಕ್ತದ ಸುದ್ದಿ ಬರುವುದಕ್ಕೆ ಕೆಲವು ಗಂಟೆಗಳ ಮೊದಲೇ ಆಗಿತ್ತೆಂಬುದನ್ನು ನಮಗೆ ತಿಳಿಸುವವನು ಪೋಲ್ಕ್‌ನೇ. ಅವನು ದಿನಚರಿ ಬರೆಯದೆ ಹೋಗಿದ್ದರೆ ಈ ಅಂತರ ಇಷ್ಟು ಸ್ಪಷ್ಟವಾಗಿ ನಮಗೆ ತಿಳಿಯುತ್ತಿರಲಿಲ್ಲ. ಪ್ರತಿನಿಧಿ ಸಭೆ 174ಕ್ಕೆ 14, ಸೆನೆಟ್ 40ಕ್ಕೆ 2 ಮತಗಳಿಂದ ಯುದ್ಧವನ್ನು ಒಪ್ಪಿದವು. ಆ 14 ಜನರಲ್ಲಿ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಒಬ್ಬ. 13ರ ರಾತ್ರಿ ಮತ್ತೆ ಬ್ಯೂಕ್ಯಾನನ್ ಜೊತೆ ಜಗಳ. ಕ್ಯಾಲಿಫೋರ್ನಿಯಾ ಪಡೆಯುವ ಉದ್ದೇಶ ನಮಗಿಲ್ಲವೆಂದು ಹೊರದೇಶಗಳಿಗೆ ತಿಳಿಸಬೇಕೆಂದು ಅವನು ಕರಡು ತಂದರೆ, ಪೋಲ್ಕ್ ಆ ಭಾಗವನ್ನು ಹೊಡೆದುಹಾಕಿಸಿದ. ಮಾತು ಮುಗಿದಾಗ ರಾತ್ರಿ ಸುಮಾರು ಹನ್ನೊಂದು ಗಂಟೆ.

ಆರೆಗಾನ್ ಪ್ರಕರಣವನ್ನು ಅವನು ನಿಭಾಯಿಸಿದ ಕ್ರಮ ಇದಕ್ಕಿಂತ ಜಾಣತನದ್ದು. ಬ್ರಿಟನ್ನಿನ ಎದುರು ಮಣಿಯದೆ, ಅವರ ಕಣ್ಣಿಗೆ ಕಣ್ಣಿಟ್ಟು ನೋಡಬೇಕೆಂದು ಒಬ್ಬ ಕಾಂಗ್ರೆಸ್ ಸದಸ್ಯನಿಗೆ ಹೇಳಿದ್ದವನು, 49ನೆಯ ಅಕ್ಷಾಂಶದ ಪ್ರಸ್ತಾಪ ಈ ಬಾರಿ ಬ್ರಿಟನ್ನಿನಿಂದಲೇ ಬಂದಾಗ ತಾನೊಬ್ಬನೇ ಹೊಣೆ ಹೊರದೆ ಸೆನೆಟ್‌ನ ಸಲಹೆಯನ್ನು ಮುಂಚಿತವಾಗಿಯೇ ಕೇಳಿದ. ಸೆನೆಟ್ ಒಪ್ಪಿತು. 1846ರ ಜೂನ್ 15ರಂದು ಸಹಿಯಾಯಿತು. ಮೆಕ್ಸಿಕೋ ಯುದ್ಧದ ನಡುವೆ ಇನ್ನೊಂದು ಯುದ್ಧ ತಪ್ಪಿತು.

ಮೆಕ್ಸಿಕೋ ಯುದ್ಧದ ಎರಡು ವರ್ಷಗಳ ಪುಟಗಳಲ್ಲಿ ನನಗೆ ಕಂಡದ್ದು ಯಾರನ್ನೂ ನಂಬಲಾರದವನ ಆಯಾಸ. ಅವನ ಇಬ್ಬರು ಮುಖ್ಯ ಸೇನಾನಿಗಳಾದ ಟೇಲರ್ ಮತ್ತು ವಿನ್‌ಫೀಲ್ಡ್ ಸ್ಕಾಟ್ ವಿರೋಧಿ ವಿಗ್ ಪಕ್ಷದವರು. ಗೆಲುವು ಅವರಿಗೆ ಕೀರ್ತಿ ತರುತ್ತದೆ, ಆ ಕೀರ್ತಿ ಅವರನ್ನು ಅಧ್ಯಕ್ಷ ಪದವಿಗೆ ಏರಿಸುತ್ತದೆ ಎಂಬ ಅರಿವು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಸೈನ್ಯದ ಹೇಸರಗತ್ತೆಗಳು, ಬಂಡಿಗಳು, ಖರ್ಚಿನ ಲೆಕ್ಕಗಳವರೆಗೆ ಎಲ್ಲವನ್ನೂ ತಾನೇ ವಿಚಾರಿಸುತ್ತಿದ್ದ. ಸರ್ಕಾರದ ಪ್ರತಿ ವಿವರವನ್ನೂ ಕೆಳಗಿನವರಿಗೆ ಬಿಡುವುದಕ್ಕಿಂತ ತಾನೇ ನೋಡಿಕೊಳ್ಳುವುದು ಲೇಸೆಂದೂ, ಅದರಿಂದ ತನ್ನ ಕೆಲಸ ತುಂಬ ಹೆಚ್ಚುತ್ತದೆಂದೂ ಅವನೇ ಬರೆದಿದ್ದಾನೆ. ಕರ್ತವ್ಯವನ್ನು ಪ್ರಾಮಾಣಿಕವಾಗಿ ಮಾಡುವ ಅಧ್ಯಕ್ಷನಿಗೆ ಬಿಡುವೆಂಬುದೇ ಇರಲಾರದು ಎಂಬ ಮಾತೂ ಇದೆ. ವಾಷಿಂಗ್ಟನ್‌ನ ಸುಡುಬೇಸಗೆಯಲ್ಲಿ ಸಚಿವರು ರಜೆ ಹೋದಾಗ ಅವರ ಕೆಲಸವನ್ನೂ ತಾನೇ ಎಳೆದುಕೊಂಡು, ಚಳಿಜ್ವರದಲ್ಲಿ ನಡುಗುತ್ತ ಹಾಸಿಗೆಯಲ್ಲೇ ಕಾಗದಪತ್ರ ನೋಡಿದ ದಿನಗಳಿವೆ. ನನ್ನ ಸೇವೆಯಲ್ಲಿ ಇಂಥ ಮೇಲಧಿಕಾರಿಯೊಬ್ಬರನ್ನು ಕಂಡಿದ್ದೆ. ವಿಷಯ ನಿರ್ವಾಹಕ ಬರೆದ ಟಿಪ್ಪಣಿಯನ್ನು ನಂಬದೆ ಪ್ರತಿ ಕಡತದ ಮೊದಲ ಪುಟದಿಂದ ತಾವೇ ಓದುತ್ತಿದ್ದರು. ಅವರ ಷರಾದಲ್ಲಿ ತಪ್ಪಿರುತ್ತಿರಲಿಲ್ಲ, ಆದರೆ ಅವರ ಕೈಕೆಳಗೆ ಯಾರೂ ಕೆಲಸ ಕಲಿಯಲಿಲ್ಲ, ಅವರ ಆರೋಗ್ಯವೂ ಉಳಿಯಲಿಲ್ಲ. ಪೋಲ್ಕ್‌ನ ಬಗ್ಗೆ ನನಗೆ ಹುಟ್ಟಿದ ಮಮತೆ ಬಹುಮಟ್ಟಿಗೆ ಆ ಅಧಿಕಾರಿಯ ನೆನಪಿನಿಂದ ಬಂದದ್ದೆಂದು ಒಪ್ಪಿಕೊಳ್ಳುತ್ತೇನೆ.

ಅವನ ತೀರ್ಮಾನಗಳಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು 1848ರ ಫೆಬ್ರವರಿಯದು. ಸಂಧಾನಕ್ಕೆಂದು ಕಳಿಸಿದ್ದ ನಿಕೊಲಸ್ ಟ್ರಿಸ್ಟ್‌ನನ್ನು ಪೋಲ್ಕ್ ಹಿಂದಿನ ಶರತ್ಕಾಲದಲ್ಲೇ ವಾಪಸು ಕರೆದಿದ್ದ. ಟ್ರಿಸ್ಟ್ ಬರಲಿಲ್ಲ. ಬರುವುದಿಲ್ಲವೆಂದು 65 ಪುಟಗಳ ಪತ್ರ ಬರೆದು, ಅಧಿಕಾರವೇ ಇಲ್ಲದೆ ಫೆಬ್ರವರಿ 2ರಂದು ಗ್ವಾಡಲೂಪೆ ಹಿಡಾಲ್ಗೋದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ. ಆ ಪತ್ರವನ್ನು ಓದಿದ ಪೋಲ್ಕ್‌ಗೆ ಬಂದ ಕೋಪವನ್ನು ದಿನಚರಿ ಮುಚ್ಚಿಡುವುದಿಲ್ಲ. ಆದರೆ 19ರಂದು ಒಪ್ಪಂದವೇ ಕೈಗೆ ಬಂದಾಗ ಅವನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ತಾನು ಹಿಂದಿನ ಏಪ್ರಿಲ್‌ನಲ್ಲಿ ಕೊಟ್ಟ ಸೂಚನೆಗಳಿಗೆ ಇದು ಹೊಂದುತ್ತದೆಯೋ ಇಲ್ಲವೋ? ಹೊಂದುತ್ತಿತ್ತು. ತಿರಸ್ಕರಿಸಿದರೆ ಕಾಂಗ್ರೆಸ್ ಮುಂದೆ ಸೈನಿಕರನ್ನೂ ಹಣವನ್ನೂ ಕೊಡದೆ ಹೋಗಬಹುದು, ಆಗ ಗೆದ್ದದ್ದೂ ಕೈತಪ್ಪಬಹುದು. ಬ್ಯೂಕ್ಯಾನನ್ ಇನ್ನೂ ಹೆಚ್ಚು ಭೂಮಿ ಬೇಕೆಂದು ವಿರೋಧಿಸಿದಾಗ, ಯುದ್ಧದ ಆರಂಭದಲ್ಲಿ ಏನೂ ಬೇಡವೆಂದವನು ನೀನೇ ಅಲ್ಲವೇ ಎಂದು ಪೋಲ್ಕ್ ನೆನಪಿಸಿದ. 1846ರ ಮೇ 13ರ ರಾತ್ರಿಯ ಬರಹ ಇಂಥ ದಿನಕ್ಕಾಗಿಯೇ ಇತ್ತು. ಸೆನೆಟ್ ಮಾರ್ಚ್ 10ರಂದು ಒಪ್ಪಂದವನ್ನು 38ಕ್ಕೆ 14 ಮತಗಳಿಂದ ಅಂಗೀಕರಿಸಿತು. ಒಂದೂವರೆ ಕೋಟಿ ಡಾಲರಿಗೆ 5 ಲಕ್ಷ ಚದರ ಮೈಲಿಗೂ ಹೆಚ್ಚು ನೆಲ ಬಂತು. ಅಮೆರಿಕದ ಕಡೆಯಲ್ಲೇ ಸುಮಾರು 13 ಸಾವಿರ ಮಂದಿ ಸತ್ತಿದ್ದರು, ಅವರಲ್ಲಿ ಬಹುಪಾಲು ಜನ ರೋಗಗಳಿಂದ.

ಇಲ್ಲಿಯವರೆಗೆ ಬರುವಾಗ ನನ್ನ ಎರಡನೆಯ ನೋಟ್‌ಬುಕ್ ಮುಗಿಯುತ್ತ ಬಂದಿತ್ತು. ಆಗ ನನ್ನ ಅನುವಾದದಲ್ಲಿ ಒಂದು ತಪ್ಪು ನಡೆದಿದೆಯೆಂಬುದು ನನಗೆ ತಿಳಿಯಿತು. ಪೋಲ್ಕ್ ತನ್ನ ಮನೆಯ ಕೆಲಸದವರನ್ನು, ಪ್ರವಾಸದಲ್ಲಿ ಜೊತೆಗೆ ಬಂದವರನ್ನು 'ಸರ್ವೆಂಟ್' ಎನ್ನುತ್ತಾನೆ. ನಾನು ಏನನ್ನೂ ಯೋಚಿಸದೆ 'ಸೇವಕ', 'ಆಳು' ಎಂದು ಬರೆಯುತ್ತ ಹೋಗಿದ್ದೆ. ಜನವರಿಯ ಒಂದು ಶನಿವಾರ ಅಳಿಯ ನಮ್ಮನ್ನು ಕೊಲಂಬಿಯ ಎಂಬ ಊರಿಗೆ ಕರೆದೊಯ್ದಿದ್ದ. ಪೋಲ್ಕ್‌ನ ತಂದೆ 1816ರಲ್ಲಿ ಕಟ್ಟಿಸಿದ ಇಟ್ಟಿಗೆಯ ಮನೆ ಅಲ್ಲಿದೆ. ಹಿತ್ತಿಲ ಕಡೆ ನಿಂತು ನೋಡುವಾಗ ಹೆಂಡತಿ ಕೇಳಿದಳು, "ಇಷ್ಟು ದೊಡ್ಡ ಮನೆಯ ಕೆಲಸ ಮಾಡುತ್ತಿದ್ದವರು ಯಾರು?" ನಾನು ಮೂರು ತಿಂಗಳಿಂದ ಆ ಮನುಷ್ಯನ ಕೈಬರಹದ ಮಾತುಗಳನ್ನು ಓದುತ್ತಿದ್ದರೂ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಮರುವಾರ ಗ್ರಂಥಾಲಯಕ್ಕೆ ಹೋಗಿ ಅವನ ಪತ್ರಗಳನ್ನೂ ಇತಿಹಾಸಕಾರರ ಅಧ್ಯಯನಗಳನ್ನೂ ತೆಗೆಸಿದೆ. ಪೋಲ್ಕ್‌ಗೆ ಮಿಸಿಸಿಪ್ಪಿಯಲ್ಲಿ ಹತ್ತಿಯ ತೋಟವಿತ್ತು, ಅಲ್ಲಿ ದುಡಿಯುವವರೆಲ್ಲ ಗುಲಾಮರು. ಅಧ್ಯಕ್ಷನಾದ ಮೇಲೂ ಅವನು ಬಂಧುಗಳ, ಮಧ್ಯವರ್ತಿಗಳ ಮೂಲಕ ಇನ್ನಷ್ಟು ಗುಲಾಮರನ್ನು, ಅದರಲ್ಲೂ ಚಿಕ್ಕ ವಯಸ್ಸಿನ ಹುಡುಗ ಹುಡುಗಿಯರನ್ನು, ಕೊಂಡುಕೊಂಡ. ಇದು ಹೊರಗೆ ತಿಳಿಯಬಾರದೆಂದು ಪತ್ರಗಳಲ್ಲಿ ಎಚ್ಚರಿಸಿದ. ಶ್ವೇತಭವನದ ಕೆಲಸಕ್ಕೂ ಟೆನೆಸಿಯಿಂದ ತನ್ನ ಗುಲಾಮರನ್ನು ತಂದ. ಮಾಜಿ ಅಧ್ಯಕ್ಷ ಮ್ಯಾಡಿಸನ್‌ನ ವಿಧವೆ ಡಾಲಿಯ ಗುಲಾಮನಾಗಿದ್ದ ಪಾಲ್ ಜೆನಿಂಗ್ಸ್ ಎಂಬವನನ್ನು ಬಾಡಿಗೆಗೆ ಪಡೆದ, ಅವನ ದುಡಿಮೆಯ ಸಂಬಳ ಡಾಲಿಗೆ ಹೋಗುತ್ತಿತ್ತು. ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿ ನೋಡಿದೆ, ಸಂಪುಟಗಳನ್ನೂ ಮತ್ತೆ ಹುಡುಕಿದೆ. ಆಲ್ಕೋಹಾಲು, ನೃತ್ಯ, ವಶೀಲಿ, ಚಳಿಜ್ವರ, ಸಚಿವರ ಮುನಿಸು ಎಲ್ಲದರ ದಾಖಲೆ ಇಟ್ಟವನ ಪುಟಗಳಲ್ಲಿ ಈ ಖರೀದಿಗಳ ಮಾತು ನನಗೆ ಕಾಣಲಿಲ್ಲ. ಗುಲಾಮಗಿರಿಯೆಂಬ ಪದವನ್ನು ಅವನು ಬಳಸದೆ ಇಲ್ಲ. 1846ರ ಆಗಸ್ಟಿನಲ್ಲಿ, ಮೆಕ್ಸಿಕೋದಿಂದ ಪಡೆಯುವ ನೆಲದಲ್ಲಿ ಗುಲಾಮಗಿರಿ ಇರಕೂಡದೆಂದು ಡೇವಿಡ್ ವಿಲ್ಮಾಟ್ ಎಂಬ ಕಾಂಗ್ರೆಸ್ ಸದಸ್ಯ ತಿದ್ದುಪಡಿ ತಂದಾಗ, ಅದು ಕಿಡಿಗೇಡಿತನದ್ದೂ ಮೂರ್ಖತನದ್ದೂ ಎಂದು ಸಿಟ್ಟಾಗಿ, ಮೆಕ್ಸಿಕೋದೊಡನೆ ಶಾಂತಿ ಮಾಡಿಕೊಳ್ಳುವುದಕ್ಕೂ ಗುಲಾಮಗಿರಿಗೂ ಏನು ಸಂಬಂಧವೆಂದು ಕೇಳುತ್ತಾನೆ. ಅಂದರೆ ಕಾಂಗ್ರೆಸ್ಸಿನ ಚರ್ಚೆಯಲ್ಲಿ ಅದು ಗುಲಾಮಗಿರಿ, ಮನೆಯೊಳಗೆ ಅದೇ ಜನ 'ಸರ್ವೆಂಟ್'ಗಳು. ಅವನು ಬರೆದ ಭಾಷೆ ಆ ವ್ಯತ್ಯಾಸವನ್ನು ಮುಚ್ಚಿತ್ತು, ನನ್ನ ಕನ್ನಡವೂ ಅದಕ್ಕೆ ನೆರವಾಗಿತ್ತು.

ಎರಡು ವಾರ ಹೊಸದೇನನ್ನೂ ಓದಲಿಲ್ಲ. ಎರಡೂ ನೋಟ್‌ಬುಕ್ಕುಗಳನ್ನು ಮೊದಲಿನಿಂದ ಓದಿ, ಸಂಬಳ ಪಡೆಯುತ್ತಿದ್ದ ನೌಕರ ಎಂದು ಖಚಿತವಾದ ಕಡೆ ಮಾತ್ರ 'ಸೇವಕ' ಎಂದು ಉಳಿಸಿದೆ. ಪೋಲ್ಕ್‌ನ ಒಡೆತನದಲ್ಲಿದ್ದ ಮನುಷ್ಯ ಎಂದು ಗೊತ್ತಾದ ಕಡೆ 'ಗುಲಾಮ' ಎಂದು ತಿದ್ದಿದೆ. ಮೂಲದಲ್ಲಿಲ್ಲದ ಪದವನ್ನು ಅನುವಾದಕ ತರಬಹುದೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಕಡತದಲ್ಲಿ ಅರ್ಜಿದಾರ ಬರೆದದ್ದನ್ನು ಬದಲಿಸಬಾರದೆಂಬುದು ನಾನು ಕಲಿತ ಮೊದಲ ಪಾಠ. ಆದ್ದರಿಂದ ತಿದ್ದಿದ ಪ್ರತಿ ಕಡೆಯಲ್ಲೂ ಅಂಚಿನಲ್ಲಿ ಮೂಲದ ಪದವನ್ನು ಬರೆದು, ಏಕೆ ಬದಲಿಸಿದೆನೆಂದು ಒಂದೊಂದು ಸಾಲಿನ ಷರಾ ಹಾಕಿದೆ.

ಹೀಗೆ ತಿದ್ದಿ ಮುಗಿಸಿ ಮುಂದೆ ಓದುವಾಗ 1849ರ ಫೆಬ್ರವರಿ 13ರ ಬರಹ ಬಂತು. ತನ್ನ ಅವಧಿ ಮುಗಿಯುತ್ತ ಬಂದದ್ದಕ್ಕೆ ಮನಸಾರೆ ಸಂತೋಷಪಡುತ್ತ ಪೋಲ್ಕ್, ತಾನಿನ್ನು 'ಸರ್ವೆಂಟ್' ಆಗಿರುವುದು ನಿಂತು ಸಾರ್ವಭೌಮನಾಗುತ್ತೇನೆ, ಖಾಸಗಿ ಪ್ರಜೆಯಾಗಿ ತನ್ನನ್ನಲ್ಲದೆ ಇನ್ನಾರನ್ನೂ ಸೇವಿಸಬೇಕಾಗಿಲ್ಲ ಎಂದು ಬರೆದಿದ್ದಾನೆ. ಅದೇ ಪದ. ನಾಲ್ಕು ವರ್ಷ ನಿದ್ದೆಗೆಟ್ಟು ದುಡಿದವನು ತನ್ನನ್ನು ಆ ಪದದಿಂದ ಕರೆದುಕೊಳ್ಳುವುದರಲ್ಲಿ ಸುಳ್ಳಿಲ್ಲ, ಅವನ ದಣಿವಿಗೆ ಸಾವಿರಾರು ಸಾಲುಗಳ ಸಾಕ್ಷ್ಯವಿದೆ. ಆದರೆ ಅದನ್ನು ಬರೆಯುತ್ತಿದ್ದ ಕೋಣೆಗೆ ಸೌದೆ ತಂದವನ ಅವಧಿ ಯಾವ ಮಾರ್ಚ್‌ಗೂ ಮುಗಿಯುವಂತಿರಲಿಲ್ಲ. ಆ ವಾಕ್ಯದಲ್ಲಿ ನಾನು 'ಸೇವಕ' ಎಂದೇ ಬರೆದೆ. ಅಂಚಿನಲ್ಲಿ, ಇಲ್ಲಿ ಪದವನ್ನು ಬದಲಿಸಿಲ್ಲ ಎಂದು ಷರಾ ಹಾಕಿದೆ.

ಕೊನೆಯ ದಿನಗಳ ಬರಹಗಳು ಚಿಕ್ಕವಾಗಿದ್ದರೂ ಬಿಡಲಾಗದವು. ಮಾರ್ಚ್ 3ರ ರಾತ್ರಿ ಕಾಂಗ್ರೆಸ್ ಭವನದಲ್ಲೇ ಕುಳಿತು, ಕೊನೆಯ ಗಳಿಗೆಯಲ್ಲಿ ಬಂದ ಮಸೂದೆಗಳನ್ನು ಓದಿ ಓದಿ ಸಹಿ ಹಾಕಿದ. ಅವುಗಳಲ್ಲಿ ಒಳಾಡಳಿತ ಇಲಾಖೆಯನ್ನು ಸ್ಥಾಪಿಸುವ ಮಸೂದೆಯೂ ಒಂದು. ಅದರಿಂದ ಕೇಂದ್ರದ ಅಧಿಕಾರ ರಾಜ್ಯಗಳ ಮೇಲೆ ಹೆಚ್ಚೀತೆಂದು ಶಂಕಿಸಿಯೂ ಸಹಿ ಮಾಡಿದ. 4ನೆಯ ತಾರೀಖು ಭಾನುವಾರವಾದ್ದರಿಂದ ಟೇಲರ್ 5ರಂದು ಪ್ರಮಾಣವಚನ ಸ್ವೀಕರಿಸಿದ. ಸಾರೋಟಿನಲ್ಲಿ ಜೊತೆಗೆ ಹೋಗುವಾಗ ಹೊಸ ಅಧ್ಯಕ್ಷ, ಕ್ಯಾಲಿಫೋರ್ನಿಯಾ ಮತ್ತು ಆರೆಗಾನ್ ತೀರ ದೂರದ ಪ್ರದೇಶಗಳು, ಅವು ಬೇರೆ ಸರ್ಕಾರ ಕಟ್ಟಿಕೊಳ್ಳುವುದೇ ಒಳ್ಳೆಯದೆಂದ. ಯಾವುದಕ್ಕಾಗಿ ತನ್ನ ಆರೋಗ್ಯವನ್ನೆಲ್ಲ ಸವೆಸಿದ್ದನೋ ಅದರ ಬಗ್ಗೆಯೇ ಈ ಮಾತು ಕೇಳಬೇಕಾಗಿ ಬಂದದ್ದು ಪೋಲ್ಕ್‌ಗೆ ಎಷ್ಟು ನೋವಾಯಿತೆಂದು, ಟೇಲರ್ ಸದುದ್ದೇಶದವನಾದರೂ ರಾಜ್ಯಕಾರ್ಯದ ತಿಳಿವಳಿಕೆ ಇಲ್ಲದವನೆಂದು ಅವನು ಬರೆದ ಮಾತಿನಿಂದ ಊಹಿಸಬಹುದು.

ದಕ್ಷಿಣದ ರಾಜ್ಯಗಳನ್ನು ಸುತ್ತಿ ಊರಿಗೆ ಮರಳುವ ದಾರಿಯ ತುಂಬ ಕಾಲರಾ ಹರಡಿತ್ತು. ನ್ಯಾಶ್‌ವಿಲ್ ತಲುಪಿದ ಮೇಲಿನ ಪುಟಗಳಲ್ಲಿ ಹೊಸ ಮನೆಯ ಕೆಲಸಗಳು, ಕಪಾಟುಗಳಲ್ಲಿ ಪುಸ್ತಕ ಜೋಡಿಸಿದ್ದು, ಬಂದುಹೋದ ಅತಿಥಿಗಳು ಮಾತ್ರ. ಜೂನ್ 2ಕ್ಕೆ ಬರಹ ನಿಲ್ಲುತ್ತದೆ. ಜೂನ್ 15ರಂದು, ಅಧಿಕಾರ ಬಿಟ್ಟು ಮೂರೂವರೆ ತಿಂಗಳೂ ತುಂಬುವ ಮೊದಲು, ಅವನು ತೀರಿಕೊಂಡ. ಆಗ ಅವನಿಗೆ 53 ವರ್ಷ. ಹೆಂಡತಿಯ ಕಾಲಾನಂತರ ತಮ್ಮ ಗುಲಾಮರಿಗೆ ಬಿಡುಗಡೆಯಾಗಲೆಂಬ ಆಸೆಯನ್ನು ಮರಣಶಾಸನದಲ್ಲಿ ಸೂಚಿಸಿದ್ದ. ಸಾರಾ 1891ರವರೆಗೆ ಬದುಕಿದಳು. ಅವರಿಗೆ ಬಿಡುಗಡೆ ತಂದದ್ದು ಆ ಮರಣಶಾಸನವಲ್ಲ, ಅಂತರ್ಯುದ್ಧ.

ಮಾರ್ಚ್ ಕೊನೆಯಲ್ಲಿ ನಮ್ಮ ವಿಮಾನವಿತ್ತು. ಹೊರಡುವ ಹಿಂದಿನ ದಿನ, ಮೂರನೆಯ ನೋಟ್‌ಬುಕ್ಕಿನಲ್ಲಿ ಜೂನ್ 2ರ ಬರಹವನ್ನು ಬರೆದು ಮುಗಿಸಿ, ಅದನ್ನು ಕೈಚೀಲದಲ್ಲಿ ಇಟ್ಟುಕೊಂಡು ಅಳಿಯನೊಂದಿಗೆ ಮತ್ತೆ ಆ ದಿಬ್ಬಕ್ಕೆ ಹೋದೆ. ದಾರಿಯಲ್ಲಿ ಅಳಿಯ, ಇವರು ಏನು ಮಾಡಿದರು ಎಂದು ಈಗ ಹೇಳಿ ಎಂದ. ನಾನು ಆರೆಗಾನ್‌ನಿಂದ ಆರಂಭಿಸಿದೆ. ಸಮಾಧಿಯ ಬಳಿ ಬಂದಾಗ ನನ್ನ ಮಾತು ಇನ್ನೂ ವಶೀಲಿಯವರ ಸಾಲಿನಲ್ಲೇ ಇತ್ತು, ಪಾಲ್ ಜೆನಿಂಗ್ಸ್‌ನ ಹೆಸರಿಗೆ ಬರುವ ಹೊತ್ತಿಗೆ ಕತ್ತಲಾಗಿತ್ತು.